ಬಗ್ಗದ ಮೊಣಕಾಲು, ಕ್ಲಚ್ಚಿಲ್ಲದ ಗಾಡಿ

ಮಸರಕಲ್ಲಿನ ಭೀಮವ್ವನ ಎಡ ಮೊಣಕಾಲು ಬಗ್ಗುವುದಿಲ್ಲ. ಅದೊಂದೇ ಬಗ್ಗುವುದಿಲ್ಲ ಎಂದುಕೊಂಡವರು ಅವಳ ಜೊತೆ ಇನ್ನೂ ವ್ಯಾಪಾರ ಮಾಡಿಲ್ಲ ಎಂದೇ ಅರ್ಥ. ಅವಳ ಮೈಯಲ್ಲಿ ಬಗ್ಗುವುದು ಕುತ್ತಿಗೆಯೊಂದು; ಅದೂ ಕುರಿಯ ಹಲ್ಲು ನೋಡುವಾಗ ಮಾತ್ರ.

ಮೊಣಕಾಲು ಹಾಗಾಗಿದ್ದು ಒಂದು ಟಗರಿನಿಂದ. ಹದಿನೈದು ವರ್ಷದ ಹಿಂದೆ ದೇವದುರ್ಗದ ಸಂತೆಯಲ್ಲಿ ನಡೆದದ್ದು. ಆ ಟಗರಿನ ವಿಷಯ ಇದ್ದದ್ದು ಇದ್ದ ಹಾಗೆ ಹೇಳಿದರೆ ನೀವು ನಂಬುವುದಿಲ್ಲ, ಅದಕ್ಕೆ ಕಡಿಮೆ ಮಾಡಿಯೇ ಹೇಳುತ್ತೇನೆ. ಅದು ಬಸ್ ನಿಲ್ದಾಣದ ಗೋಡೆಗೆ ಒಮ್ಮೆ ಗುದ್ದಿದರೆ ಸಾಕು, ರಾಯಚೂರಿನ ಬಸ್ಸು ವೇಳೆಗೆ ಮುಂಚೆಯೇ ಹೊರಡುತ್ತಿತ್ತು. ಅಂಥ ಟಗರನ್ನು ಗಿರಾಕಿಯ ಮುಂದೆ ಹಿಡಿದು ನಿಂತಾಗ ಅದು ತಿರುಗಿ ಭೀಮವ್ವನ ಮೊಣಕಾಲಿಗೇ ಗುದ್ದಿತು. ಬಿದ್ದಳು. ಬಿದ್ದಲ್ಲಿಂದಲೇ ಅದರ ಕೋಡು ಹಿಡಿದು ಗಿರಾಕಿಗೆ ಹೇಳಿದಳು: "ಇದರ ತಾಕತ್ತು ಕಣ್ಣಾರೆ ನೋಡಿದಿರಲ್ಲ? ಇನ್ನ ರೇಟ್ ಇಳಿಸಂಗಿಲ್ಲ." ವ್ಯಾಪಾರ ಮುಗಿದ ಮೇಲೆಯೇ ದವಾಖಾನೆಗೆ ಹೊರಟಳು. ಅಂದಿನಿಂದ ಆ ಕಾಲು ಮೊಳೆ ಹೊಡೆದ ಹಲಗೆಯ ಹಾಗೆ ನೆಟ್ಟಗೇ ನಿಂತಿದೆ.

ಅವಳ ಕಸುಬು ಕುರಿ ವ್ಯಾಪಾರ. ಮಾನ್ವಿ, ಸಿರವಾರದ ಕಡೆ ಭತ್ತ ಕೊಯ್ದ ಮೇಲೆ ಗೊಬ್ಬರಕ್ಕೆಂದು ಹೊಲಗಳಲ್ಲಿ ಕುರಿ ಹಿಂಡು ನಿಲ್ಲಿಸುತ್ತಾರೆ. ಭೀಮವ್ವ ಆ ಹಿಂಡುಗಳ ಹತ್ತಿರ ಹೋಗಿ ಮರಿ, ಟಗರು ಕೊಂಡು ದೇವದುರ್ಗ, ಮಾನ್ವಿ, ರಾಯಚೂರಿನ ಸಂತೆಗಳಲ್ಲಿ ಮಾರುತ್ತಾಳೆ. ಗಂಡ ಪರಮಣ್ಣ ತಮ್ಮ ಮನೆಯ ಹಿಂಡಿನ ಹಿಂದೆ ನಡೆಯುವವನು. ಆತ ಎಷ್ಟು ನಡೆದಿದ್ದಾನೆಂದರೆ, ನಡೆದದ್ದನ್ನೆಲ್ಲ ಉದ್ದಕ್ಕೆ ಹಾಸಿದರೆ ಚಂದ್ರನ ಮೇಲೆ ಹೋಗಿ ಅಲ್ಲೊಂದು ಹಟ್ಟಿ ಹಾಕಿ ವಾಪಸ್ ಬರಬಹುದು. ಮಾತು ಮಾತ್ರ ಮನೆ ಬಾಗಿಲು ದಾಟಿಲ್ಲ.

ಈ ವ್ಯಾಪಾರದಲ್ಲಿ ರೇಟನ್ನು ಬಾಯಿಂದ ಹೇಳುವುದಿಲ್ಲ. ಕೊಳ್ಳುವವರು, ಮಾರುವವರು ಕೈ ಕೈ ಹಿಡಿಯುತ್ತಾರೆ. ಮೇಲೆ ಟವಲೋ ಕಂಬಳಿಯೋ ಹೊದಿಸಿ ಒಳಗೆ ಬೆರಳು ಒತ್ತಿ ಮಾತಾಡುತ್ತಾರೆ. ಸುತ್ತ ನೂರು ಜನ ನಿಂತಿದ್ದರೂ ಒಳಗಿನ ಮಾತು ಒಬ್ಬರಿಗೂ ಗೊತ್ತಾಗುವುದಿಲ್ಲ. ಕಂಬಳಿಯೊಳಗೆ ಎರಡು ಕೈ ಸೇರಿದ ಮೇಲೆ ಮೂರನೆಯವರು ಬಾಯಿ ಹಾಕುವಂತಿಲ್ಲ, ಕಂಬಳಿ ಸರಿದ ಮೇಲೆ ಮಾತು ತಿರುಗಿಸುವಂತಿಲ್ಲ. ಆದ್ದರಿಂದ ಈ ಕಸುಬಿನಲ್ಲಿ ಮೊದಲು ಮುಟ್ಟಿದವರದೇ ಕುರಿ.

ಭೀಮವ್ವ ಮೊದಲು ಮುಟ್ಟುತ್ತಿರಲಿಲ್ಲ. ಕಾರಣ, ತಮ್ಮ ಬೀರೇಶ.

ಬೀರೇಶನ ಹತ್ತಿರ ಒಂದು ಟ್ರ್ಯಾಕ್ಟರ್, ಒಂದು ಗೂಡ್ಸ್ ಗಾಡಿ ಇದ್ದವು. ಅಕ್ಕನನ್ನು ಎಲ್ಲಿಗಾದರೂ ಒಯ್ಯುವವನು ಅವನೇ. ಕೆಟ್ಟವನಲ್ಲ, ಅಕ್ಕನೆಂದರೆ ಜೀವ. ಆದರೆ ಚಹಾ ಎಂದರೆ ಅದಕ್ಕಿಂತ ಒಂದು ತೂಕ ಹೆಚ್ಚು ಜೀವ. ಮಸರಕಲ್ಲಿನಿಂದ ಮಾನ್ವಿ ಮುಟ್ಟುವಷ್ಟರಲ್ಲಿ ಅವನು ಕುಡಿಯುವ ಚಹಾವನ್ನು ಕಾಲುವೆಗೆ ಬಿಟ್ಟಿದ್ದರೆ ಕೊನೆಯ ಹೊಲದವನೂ ಎರಡು ಬೆಳೆ ತೆಗೆಯುತ್ತಿದ್ದ. ಪ್ರತಿ ಅಂಗಡಿಯ ಮುಂದೆ "ಐದೇ ನಿಮಿಷ ಅಕ್ಕಾ" ಎಂದು ಇಳಿಯುವನು. ಆ ಐದು ನಿಮಿಷದಲ್ಲಿ ಮರಿ ಹುಟ್ಟಿ, ಬೆಳೆದು, ಟಗರಾಗಿ, ಇನ್ನೊಬ್ಬರ ಮೊಣಕಾಲಿಗೆ ಗುದ್ದಿ ಬರಬಹುದು.

ಹೋದ ವರ್ಷ ಮಾನ್ವಿಯ ಆಚೆ ಒಂದು ಒಳ್ಳೆಯ ಹಿಂಡು ನಿಂತಿತ್ತು. ಕುರಿಗಾರ ಭೀಮವ್ವನಿಗೇ ಮೊದಲು ಫೋನ್ ಮಾಡಿದ್ದ. ಬೀರೇಶನ ಚಹಾಗಳೆಲ್ಲ ಮುಗಿದು ಇವರು ಹೊಲ ಮುಟ್ಟಿದಾಗ ಬೇರೊಬ್ಬ ವ್ಯಾಪಾರಿಯ ಕೈ ಕುರಿಗಾರನ ಟವಲಿನೊಳಗೆ ಸೇರಿಯಾಗಿತ್ತು. ಭೀಮವ್ವ ಕೋಲೂರಿಕೊಂಡು, ನೆಟ್ಟಗಿನ ಕಾಲಿನ ಮೇಲೆ, ಬಾಯಿ ಮುಚ್ಚಿಕೊಂಡು ನಿಂತಳು. ಟವಲು ಅಲುಗಾಡುವುದನ್ನು ಕೊನೆಯವರೆಗೂ ನೋಡಿದಳು. ಮನೆಗೆ ಬಂದು ಕೋಲು ಮೂಲೆಗಿಟ್ಟು ಸಾರಿದಳು:

"ನಾ ಗಾಡಿ ತೊಗೊಳ್ಳಾಕತ್ತೀನಿ. ದೊಡ್ಡದು. ಕಾಲುವಿ ದಂಡಿ ಹತ್ತಬೇಕು, ಹೊಲದಾಗ ಇಳೀಬೇಕು, ರೋಡಿಗೆ ಬಿಟ್ಟರ ಹಿಂದ ಯಾರೂ ಕಾಣಬಾರದು."

"ಗೂಡ್ಸ್ ಗಾಡಿ ತೊಗೊ ಯವ್ವಾ, ಕುರಿನೂ ಬರ್ತಾವ, ನೀನೂ ಬರ್ತಿ," ಎಂದರು ಊರವರು.

"ಕುರಿ ಗೂಡ್ಸ್ ಗಾಡ್ಯಾಗ ಬರ್ತಾವ. ನಾ ಕುರಿ ಅಲ್ಲ."

ಮರುದಿನವೇ ಹುಲಿಗೇಶನ ಚಹಾ ಅಂಗಡಿಯ ಮುಂದೆ ಸಭೆ ಸೇರಿತು. ನಾನೂ ಇದ್ದೆ. ನಾನು ಸರ್ಕಾರಿ ಬಸ್ ಓಡಿಸಿ ನಿವೃತ್ತನಾದವನು, ಗಾಡಿಯ ಮಾತು ಬಂದರೆ ಊರಲ್ಲಿ ನನ್ನನ್ನು ಕೇಳದೆ ಯಾರೂ ಸೈಕಲ್ಲಿಗೂ ಗಾಳಿ ಹೊಡೆಸುವುದಿಲ್ಲ. ಭೀಮವ್ವ ನೋಡಿಟ್ಟಿದ್ದ ಗಾಡಿ ಎರಡು ನಮೂನೆಯಲ್ಲಿ ಬರುತ್ತದೆ, ಒಂದು ಗೇರಿನದು, ಇನ್ನೊಂದು ಆಟೋಮ್ಯಾಟಿಕ್ ಎಂದು ಹೇಳಿದ್ದು ನಾನೇ. ಹೇಳಿ ಬೆಂಕಿ ಹಚ್ಚಿದ ಹಾಗಾಯಿತು.

"ಗೇರ್ ಇಲ್ಲದ್ದು ಗಾಡಿ ಅಲ್ಲ ಅಕ್ಕಾ, ತೊಟ್ಟಿಲು," ಎಂದ ಬೀರೇಶ.

ಹುಲಿಗೇಶ ಗ್ಲಾಸು ತೊಳೆಯುವುದನ್ನು ಬಿಟ್ಟು ಒಂದು ಕಥೆ ಹೇಳಿದ. ಯಾರದೋ ಆಟೋಮ್ಯಾಟಿಕ್ ಗಾಡಿ ಬ್ಯಾಟರಿ ಇಳಿದು ದಾರಿಯಲ್ಲಿ ನಿಂತಿತಂತೆ. ನಮ್ಮ ಕಡೆ ಗಾಡಿ ನಿಂತರೆ ಯಾರನ್ನೂ ಕರೆಯಬೇಕಾಗಿಲ್ಲ; ಹೊಲದಲ್ಲಿದ್ದವರು ಓಡಿ ಬಂದು ತಳ್ಳುತ್ತಾರೆ, ತಳ್ಳಿದರೆ ಸ್ಟಾರ್ಟ್ ಆಗಿಯೇ ಆಗುತ್ತದೆಂಬ ನಂಬಿಕೆ. ಅದನ್ನೂ ತಳ್ಳಿದರು. ಇನ್ನೇನು ಆಗುತ್ತದೆ ಎಂದುಕೊಳ್ಳುತ್ತ ತಳ್ಳುತ್ತಲೇ ಹೋದರು. ದೇವದುರ್ಗ ಬಂತು, ಸ್ಟಾರ್ಟ್ ಬರಲಿಲ್ಲ. ಅಲ್ಲಿನ ಮೆಕ್ಯಾನಿಕ್ಕು, "ಇದು ತಳ್ಳಿದರ ಸ್ಟಾರ್ಟ್ ಆಗಂಗಿಲ್ರಿ," ಎಂದಾಗ ತಳ್ಳಿದವರೆಲ್ಲ ಊರಿಗೆ ಮರಳಲು ಬಸ್ ಚಾರ್ಜು ಕೇಳಿದರಂತೆ.

"ಬ್ಯಾಟರಿ ಚೊಲೊ ಇಟ್ಕೊಂಡರ ತಳ್ಳೂದು ಎದಕ್ಕಲೇ?" ಎಂದಳು ಭೀಮವ್ವ. "ಕಾಕಾ, ನೀವೇನಂತೀರಿ?"

ನಾನು ಗೇರಿನ ಮನುಷ್ಯ. ನಾನು ಓಡಿಸಿದ ಬಸ್ಸಿನ ಗೇರ್ ಹಾಕಲು ಎರಡು ಕೈ, ಒಂದು ಹರಕೆ ಬೇಕಾಗುತ್ತಿತ್ತು. "ಗೇರು ಕೈಯಾಗ ಇದ್ದರ ಗಾಡಿ ಕೈಯಾಗ ಇರ್ತದ," ಎಂದು ಗಂಭೀರವಾಗಿ ಹೇಳಿಬಿಟ್ಟೆ. ಬೀರೇಶ ತೊಡೆ ತಟ್ಟಿದ.

"ಕೇಳಿದಿ? ಗೇರಿನದು ಮೈಲೇಜ್ ಜಾಸ್ತಿ, ಎರಿ ಹೊಲದ ಕೆಸರಾಗ ಸಿಗಿಬಿದ್ದರ ಜಗ್ಗಿ ಹೊರಗ ಬರ್ತದ. ಇದೆಲ್ಲ ನಿನಗ್ಯಾಕ ಅಕ್ಕಾ? ನೀ ಹಿಂದ ಆರಾಮ ಕುಂದ್ರು. ನಾ ಓಡಸ್ತೀನಿ."

ಅಲ್ಲಿಗೆ ಭೀಮವ್ವನಿಗೆ ಎಲ್ಲ ತಿಳಿಯಿತು. ಗೇರಿನ ಗಾಡಿ ಬಂದರೆ ಎಡಗಾಲಲ್ಲಿ ಕ್ಲಚ್ ತುಳಿಯಬೇಕು. ತುಳಿಯುವ ಕಾಲು ಬೀರೇಶನದು. ಓಡಿಸುವವನು ಅವನಾದರೆ ನಿಲ್ಲಿಸುವವನೂ ಅವನೇ, ಮತ್ತು ಚಹಾ ಅಂಗಡಿಗಳು ಎಲ್ಲಿದ್ದವೋ ಅಲ್ಲೇ ಇರುತ್ತವೆ. ದೊಡ್ಡ ಗಾಡಿಯಲ್ಲಿ, ಮೆತ್ತನೆಯ ಸೀಟಿನ ಮೇಲೆ, ಎಸಿಯಲ್ಲಿ ಕುಳಿತು ತಡವಾಗಿ ಮುಟ್ಟಬೇಕು, ಅಷ್ಟೇ ವ್ಯತ್ಯಾಸ.

ಸಂಜೆ ನಮ್ಮ ಮನೆಗೆ ಬಂದಳು. ಕಟ್ಟೆಯ ಮೇಲೆ ಕಾಲು ಚಾಚಿ ಕುಳಿತು ಕೇಳಿದಳು: "ಕಾಕಾ, ಕ್ಲಚ್ ಇಲ್ಲದ್ದನ್ನ ಒಂದ ಕಾಲಿಲೆ ಓಡಿಸಬಹುದೇನು?"

"ಓಡಿಸಬಹುದು. ಬಲಗಾಲು ಒಂದಿದ್ದರ ಸಾಕು. ಆದರ ಅದಕ್ಕ ಓಡಿಸೂದು ಅನ್ನಂಗಿಲ್ಲ."

"ಮತ್ತ ಏನಂತಾರ?"

"ಕುಂತು ಹೋಗೂದು ಅಂತಾರ."

"ಇಷ್ಟು ವರ್ಷ ಮಂದಿ ಗಾಡ್ಯಾಗ ನಿಂತು ಹೋಗೀನಿ. ಇನ್ನ ಕುಂತು ಹೋಗ್ತೀನಿ," ಎಂದಳು. "ಕಲಸೋರು ಯಾರದಾರ ಹೇಳ್ರಿ. ಬೀರ್ಯಾಗ ಗೊತ್ತಾಗಬಾರದು. ಗೊತ್ತಾದರ ಅಕ್ಕನ ಮ್ಯಾಲಿನ ಪ್ರೀತಿಗೇ ಅಡ್ಡ ಮಲಗ್ತಾನ."

ಮಾನ್ವಿಯಲ್ಲಿ ದಿಲ್ಶಾದ್ ಎಂಬ ಹೆಣ್ಣುಮಗಳು ಡ್ರೈವಿಂಗ್ ಸ್ಕೂಲ್ ನಡೆಸುತ್ತಾಳೆ. ಅವಳ ಹತ್ತಿರ ಒಂದು ಚಿಕ್ಕ ಆಟೋಮ್ಯಾಟಿಕ್ ಕಾರಿತ್ತು. ಮೊಣಕಾಲಿಗೆ ಎಣ್ಣೆ ತಿಕ್ಕಿಸಲು ಮಾನ್ವಿಗೆ ಹೋಗಬೇಕೆಂದು ಭೀಮವ್ವ ತಮ್ಮನಿಗೆ ಹೇಳಿದಳು. ಬೀರೇಶನೇ ಪ್ರೀತಿಯಿಂದ ಕರೆದೊಯ್ಯುತ್ತಿದ್ದ, ಕಾವಲಿಗೆಂದು ನಾನು. ನಮ್ಮನ್ನು ಓಣಿಯ ತುದಿಯಲ್ಲಿ ಇಳಿಸಿ, "ಐದೇ ನಿಮಿಷ ಅಕ್ಕಾ, ಚಹಾ ಕುಡಿದು ಬರ್ತೀನಿ," ಎಂದು ಹೋಗುತ್ತಿದ್ದ. ಆ ಐದು ನಿಮಿಷ ಪೂರಾ ಒಂದು ಪಾಠಕ್ಕೆ ಸಾಲುತ್ತಿತ್ತು. ಕೆಲವು ದಿನ ಪಾಠ ಮುಗಿದು, ಗಾಡಿ ಒರೆಸಿ, ನಾವೇ ಅವನಿಗಾಗಿ ಕಾದಿದ್ದೂ ಉಂಟು.

"ಅಮ್ಮಾ, ಎಡಗಾಲು ಇಲ್ಲಾಂತ ತಿಳ್ಕೊಳ್ರಿ," ಎಂದು ದಿಲ್ಶಾದ್ ಮೊದಲ ದಿನ ಹೇಳಿದಳು.

"ಅದನ್ನ ಹದಿನೈದು ವರ್ಷದಿಂದ ತಿಳ್ಕೊಂಡೀನಿ. ಮುಂದಿಂದು ಹೇಳವ್ವ."

ಕ್ಲಚ್ ಇರಬೇಕಾದ ಜಾಗ ಅಲ್ಲಿ ಖಾಲಿ. ಭೀಮವ್ವನ ಎಡಗಾಲು ಅಲ್ಲಿ ಹೊಸ ಅಳಿಯನ ಹಾಗೆ ಚಾಚಿಕೊಂಡು ಕುಳಿತಿತು. ಕೆಲಸವಿಲ್ಲ, ಮರ್ಯಾದೆಗೆ ಕೊರತೆಯಿಲ್ಲ. ಬಲಗಾಲೇ ಬ್ರೇಕಿಗೂ ಆಕ್ಸಿಲರೇಟರಿಗೂ ಓಡಾಡಿತು. ತೊಂದರೆಯಾದದ್ದು ಹಿಂದಿನ ಸೀಟಿನಲ್ಲಿದ್ದ ನನಗೆ. ಗಾಡಿ ವೇಗ ಹಿಡಿದಾಗಲೆಲ್ಲ ನನ್ನ ಎಡಗಾಲು ತಾನೇ ಇಲ್ಲದ ಕ್ಲಚ್ ತುಳಿಯುತ್ತಿತ್ತು.

"ಚಾಚಾ, ಆಹಿಸ್ತಾ, ಮೆಲ್ಲಕ," ಎಂದಳು ದಿಲ್ಶಾದ್ ಕನ್ನಡಿಯಲ್ಲಿ ನೋಡಿ. "ಗಾಡಿ ತಳಕ್ಕ ತೂತು ಬಿದ್ದರ ನಿಮ್ಮ ಕಾಲು ರೋಡಿನ ಮ್ಯಾಲ ಓಡಬೇಕಾಗ್ತದ ನೋಡ್ರಿ."

ಭೀಮವ್ವನಿಗೆ ಹಾರ್ನ್ ಹೊಡೆಯುವುದು ಮಾತ್ರ ರೂಢಿಯಾಗಲಿಲ್ಲ. ಯಾರಾದರೂ ಅಡ್ಡ ಬಂದರೆ ಕಿಟಕಿಯಿಂದ ತಲೆ ಹೊರಹಾಕಿ, ಕುರಿ ಅಟ್ಟುವ ಹಾಗೆ "ಹುರ್ರ್ ಹೇ!" ಎನ್ನುವಳು. ಹಾರ್ನಿಗೆ ಜಗ್ಗದ ಮಾನ್ವಿಯ ಆಟೋದವರು ಅದಕ್ಕೆ ಜಗ್ಗಿದರು. ರಾಯಚೂರಿನಲ್ಲಿ ಪರೀಕ್ಷೆಯಾಯಿತು, ಲೈಸೆನ್ಸ್ ಕೈಗೆ ಬಂತು. ಅದನ್ನು ಮಡಿಸಲಾಗದೆಂದು ಬೈದುಕೊಂಡು ಎಲೆಅಡಿಕೆಯ ಚೀಲದಲ್ಲಿ ತುರುಕಿದಳು.

ಗಾಡಿ ಕೊಳ್ಳಲು ರಾಯಚೂರಿನ ಶೋರೂಮಿಗೆ ನಾವು ಮೂವರು ಹೋದೆವು. ಹೊರಗೆ ಬಿಸಿಲು ಎಂಥದ್ದೆಂದರೆ, ನೆರಳುಗಳೇ ನೆರಳು ಹುಡುಕಿ ಮಲಗಿದ್ದವು. ಒಳಗೆ ಎಸಿ. ಭೀಮವ್ವ ಹೆಗಲ ಮೇಲಿನ ಕಂಬಳಿಯನ್ನು ಬಿಗಿಯಾಗಿ ಹೊದ್ದುಕೊಂಡಳು. ಸೇಲ್ಸ್‌ಮನ್ ಮತೀನ್ ಎಂಬ ತರುಣ ಬಂದು ಬೀರೇಶನ ಮುಖ ನೋಡಿ ಶುರು ಮಾಡಿದ.

"ಸರ್, ಈ ಮಾಡೆಲ್‌ನಲ್ಲಿ ಪಿಕಪ್..."

"ಇಕಾ, ಇಲ್ಲಿ," ಎಂದಳು ಭೀಮವ್ವ. "ಗಾಡಿ ನಂದು. ಮುಖ ಈ ಕಡಿ ಮಾಡು."

ಮತೀನ್ ಮುಖ ತಿರುಗಿಸಿದ. ಅವಳು ಗಾಡಿಯ ಸುತ್ತ ಕೋಲೂರಿಕೊಂಡು ಒಂದು ಸುತ್ತು ಬಂದಳು. ಟೈರು ಒತ್ತಿದಳು, ಬಾನೆಟ್ಟು ತಟ್ಟಿದಳು, ಮುಂದಿನ ಜಾಲರಿಯ ಮುಂದೆ ಬಗ್ಗಿ ಹಲ್ಲು ನೋಡಿದಳು.

"ಈ ಗುಂಡಿ ಎದಕ್ಕ?"

"ಸ್ಪೋರ್ಟ್ ಮೋಡ್ ಅಮ್ಮಾರ. ಒತ್ತಿದರ ಗಾಡಿಗೆ ಸಿಟ್ಟು ಬರ್ತದ."

"ಸಿಟ್ಟು ನಂದ ಸಾಕಾಗ್ತದ. ನೀ ಮೀರಾಹುಸೇನರ ಮಗ ಅಲ್ಲೇನು? ಕುರಿ ಸಂತ್ಯಾಗ ದಲ್ಲಾಳಿ ಮಾಡ್ತಿದ್ದರಲ್ಲ? ಮೂಗು ಹಂಗ ಅದ."

ಮತೀನ್ ಟೈ ಸಡಿಲಿಸಿ ನಕ್ಕ. "ಹೌದ್ರಿ ಅಮ್ಮಾರ. ನಮ್ಮ ಅಬ್ಬಾನ."

ಬೀರೇಶನಿಗೆ ಇದೆಲ್ಲ ಬೇಕಿರಲಿಲ್ಲ. ಅವನು ಗೇರಿನ ಗಾಡಿಯಲ್ಲಿ ಒಂದು ಸುತ್ತು ಹೋಗಿ ಬಂದಿದ್ದ, ಕಣ್ಣು ಹೊಳೆಯುತ್ತಿದ್ದವು. "ಮಾತು ಎದಕ್ಕ? ಗೇರಿನದ ಬರೀರಿ," ಎಂದು ಗದ್ದಲ ಎಬ್ಬಿಸಿದ. ಶೋರೂಮಿನ ಅರ್ಧ ಜನ ಅವನ ಪಕ್ಷ, ಅರ್ಧ ಜನ ಆಟೋಮ್ಯಾಟಿಕ್ ಪಕ್ಷ. ಸ್ವಂತ ಗಾಡಿ ಸರ್ವಿಸಿಗೆ ತಂದವನೊಬ್ಬ ಅದನ್ನು ಮರೆತು ಎರಡೂ ಪಕ್ಷದ ಪರವಾಗಿ ವಾದಿಸಿದ.

"ಏನೂ ಬರೀಬ್ಯಾಡ," ಎಂದಳು ಭೀಮವ್ವ. "ಮತೀನ, ಕೈ ಕೊಡು."

ಹೆಗಲಿನ ಕಂಬಳಿ ತೆಗೆದು ಇಬ್ಬರ ಕೈ ಮೇಲೆ ಹೊದಿಸಿದಳು. "ಒಂದು ಬೆರಳಂದ್ರ ಗೇರು. ಎರಡು ಬೆರಳಂದ್ರ ಗೇರಿಲ್ಲದ್ದು. ತಿಳೀತಿಲ್ಲ?" ಎಂದು ಎಲ್ಲರಿಗೂ ಕೇಳುವಂತೆ ಹೇಳಿದಳು.

ಕಂಬಳಿ ಒಮ್ಮೆ ಅಲುಗಾಡಿತು. ನಾವೆಲ್ಲ ಮತೀನನ ಮುಖ ನೋಡಿದೆವು. ಅಲ್ಲಿ ಏನಾದರೂ ಕಂಡಿತೆ? ಟೈ ಕಟ್ಟಿಕೊಂಡಿದ್ದರೂ ಅಪ್ಪನ ರಕ್ತ ಎಲ್ಲಿಗೆ ಹೋಗುತ್ತದೆ. ಮುಖ ರಾಯಚೂರು ಕೋಟೆಯ ಗೋಡೆಯ ಹಾಗೆ ನಿಂತಿತ್ತು. ಆಮೇಲೆ ಕಂಬಳಿಯೊಳಗೆ ರೇಟಿನ ಮಾತು ಶುರುವಾಯಿತು. ಆ ಎಸಿಯಲ್ಲೂ ಮತೀನನ ಹಣೆಯಿಂದ ಬೆವರು ಇಳಿದು, ಮೂಗಿನ ತುದಿಗೆ ಬಂದು, ಇಳಿಯಲೋ ಬೇಡವೋ ಎಂದು ಯೋಚಿಸಿತು. ಮ್ಯಾನೇಜರು ಗಾಜಿನ ಕೋಣೆಯಿಂದ ಹೊರಬಂದು, "ಏನ್ರಿ ಇದು?" ಎಂದ. ಕೈ ಕಂಬಳಿಯಲ್ಲಿರುವಾಗ ಮೂರನೆಯವರಿಗೆ ಉತ್ತರವಿಲ್ಲ.

ಕಂಬಳಿ ಸರಿಯಿತು. "ಸೀಟ್ ಕವರೂ ಕೊಡಬೇಕಂತ್ರಿ ಸರ್," ಎಂದು ಮತೀನ್ ಕೈ ನೀವಿಕೊಳ್ಳುತ್ತ ಮ್ಯಾನೇಜರಿಗೆ ಹೇಳಿದ.

ದಾರಿಯಲ್ಲಿ ಬೀರೇಶ ಕೇಳಿದ. "ಗೇರಿಂದ ಅಲ್ಲ ಅಕ್ಕಾ?"

"ಕಂಬಳ್ಯಾಗಿನ ಮಾತು ಕಂಬಳ್ಯಾಗ."

ಅಂದರೆ ಗೇರಿನದೇ ಎಂದು ಅವನು ಅರ್ಥ ಮಾಡಿಕೊಂಡ. ಅವನ ಲೆಕ್ಕದಲ್ಲಿ ಬೇರೆಯದಕ್ಕೆ ಕಾರಣವೇ ಇರಲಿಲ್ಲ, ಓಡಿಸುವವನು ತಾನಲ್ಲವೇ? ಊರಿಗೆಲ್ಲ ಸಾರಿದ, ಕಪ್ಪು ಕನ್ನಡಕ ಕೊಂಡ. ಗೂಡ್ಸ್ ಗಾಡಿಯ ಗೇರನ್ನೇ ದಿನವೂ ಬಟ್ಟೆಯಿಂದ ಒರೆಸುತ್ತ ಅಭ್ಯಾಸ ಮಾಡಿದ.

ಗಾಡಿ ಕೈಗೆ ಬರುವ ದಿನವೇ ಸಿರವಾರದ ಕಡೆಯಿಂದ ದುರುಗೇಶ ಎಂಬ ಕುರಿಗಾರನ ಫೋನು. "ಯವ್ವಾ, ನಮ್ಮ ಹಿಂಡು ಇಲ್ಲಿ ಹೊಲದಾಗ ನಿಂತದ. ಮರಿ ಚೊಲೊ ಅದಾವ. ಮಾನ್ವಿ ವ್ಯಾಪಾರಿನೂ ಸಂಜಿ ಬರ್ತೀನಂದಾನ. ಮೊದಲು ಬಂದವರಿಗೆ ಕೈ ಕೊಡ್ತೀನಿ." ಮಾನ್ವಿಯ ಆ ವ್ಯಾಪಾರಿ, ಹೋದ ವರ್ಷ ಟವಲಿನೊಳಗೆ ಕೈ ಇಟ್ಟವನೇ.

"ಬಂದೆ," ಎಂದಳು ಭೀಮವ್ವ.

ಶೋರೂಮಿನ ಮುಂದೆ ಕೆಂಪು ಗಾಡಿಗೆ ಹೂವಿನ ಹಾರ ಹಾಕಿ, ತೆಂಗಿನಕಾಯಿ ಒಡೆದು, ನಾಲ್ಕು ಗಾಲಿಗೂ ನಿಂಬೆಹಣ್ಣು ಇಟ್ಟಿದ್ದರು. ಯಾರೂ ಹೇಳುವ ಮೊದಲೇ ಬೀರೇಶ ಹೊಸ ಅಂಗಿಯಲ್ಲಿ, ಕಪ್ಪು ಕನ್ನಡಕದಲ್ಲಿ ಡ್ರೈವರ್ ಸೀಟೇರಿ ಕುಳಿತ. ಎಡಗಾಲು ಮುಂದೆ ಚಾಚಿದ. ಕಾಲು ಹುಡುಕಿತು. ಸಿಗಲಿಲ್ಲ. ಇನ್ನಷ್ಟು ಒಳಗೆ ಹುಡುಕಿತು. ಕನ್ನಡಕ ತೆಗೆದು ಬಗ್ಗಿ ನೋಡಿದ.

"ಏ ಮತೀನ್! ಕ್ಲಚ್ ಹಚ್ಚೂದು ಮರತೀರಲ್ರಿ!"

ಮತೀನ್ ಆಕಾಶ ನೋಡಿದ. ಬೀರೇಶ ಸಿಟ್ಟಿನಿಂದ ಇದ್ದುದರಲ್ಲೇ ಗಾಡಿ ಹೊರಡಿಸಲು ಹೋದ. ಗಾಡಿ ಮೆಲ್ಲಗೆ ಅಲುಗಿದ್ದೇ ತಡ, ಅವನ ಎಡಗಾಲು ರೂಢಿಯಂತೆ ಕ್ಲಚ್ ಎಂದುಕೊಂಡು ಬ್ರೇಕಿನ ಮೇಲೆ ಧಡ್ಡನೆ ಬಿತ್ತು. ಗಾಡಿ ಟಗರಿನ ಹಾಗೆ ತಲೆ ತಗ್ಗಿಸಿ ನಿಂತಿತು. ಹೂವಿನ ಹಾರ ಹಾರಿ ಮ್ಯಾನೇಜರ ಕೊರಳಿಗೆ ಬಿತ್ತು. ಆತನಿಗೆ ಇಡೀ ನೌಕರಿಯಲ್ಲಿ ಸಿಕ್ಕ ಸನ್ಮಾನ ಅದೊಂದೇ ಎಂದು ಆಮೇಲೆ ಕೇಳಿದೆ.

"ಯಾರಿಗೆ ಕೇಳಿ ಇದನ್ನ ತೊಗೊಂಡಿ ಅಕ್ಕಾ?" ಎಂದ ಬೀರೇಶ.

"ನನ್ನ ಕಾಲಿಗೆ ಕೇಳಿ."

"ಮತ್ತ ಓಡಸೋರು ಯಾರು?"

ಭೀಮವ್ವ ಎಲೆಅಡಿಕೆಯ ಚೀಲದಲ್ಲಿ ಕೈ ಹಾಕಿದಳು. ಎಲೆ ಬಂತು, ಅಡಿಕೆ ಬಂತು, ಸುಣ್ಣದ ಡಬ್ಬಿ ಬಂತು, ಕೊನೆಗೆ ಲೈಸೆನ್ಸ್ ಬಂತು. ಅದರ ಮೇಲಿನ ಸುಣ್ಣ ಒರೆಸಿ ತಮ್ಮನ ಕೈಗಿಟ್ಟಳು. ಬೀರೇಶ ಫೋಟೋ ನೋಡಿದ, ಅಕ್ಕನನ್ನು ನೋಡಿದ, ಮತ್ತೆ ಫೋಟೋ ನೋಡಿದ.

"ಮಾನ್ವ್ಯಾಗ ಎಣ್ಣಿ ತಿಕ್ಕಸ್ತಿದ್ದಿ..."

"ಚೊಲೊ ತಿಕ್ಕಿದರು. ಇಳಿ, ತಮ್ಮಾ."

"ಅಕ್ಕಾ, ಮಂದಿ ಏನಂತಾರ? ತಮ್ಮ ಹಿಂದ ಕುಂತಾನ, ಕಾಲಿಲ್ಲದಾಕಿ ಓಡಸಾಕತ್ಯಾಳ ಅಂತಾರ!"

ಸುತ್ತ ನಿಂತಿದ್ದವರು ತಲೆ ಕೆಳಗೆ ಹಾಕಿದರು. ಭೀಮವ್ವ ಕೋಲನ್ನು ನನ್ನ ಕೈಗೆ ಕೊಟ್ಟಳು. "ಅನ್ನಲಿ. ಮಂದಿ ಅನ್ನೂದು ಮುಗಿಯೂದರೊಳಗ ನಾ ಸಿರವಾರ ಮುಟ್ಟಿರ್ತೀನಿ. ನೀ ಬರ್ತೀಯೋ, ಇಲ್ಲ ಮಂದಿ ಜೊತಿ ಇರ್ತೀಯೋ?"

ಬೀರೇಶ ಇಳಿದು ಹಿಂದೆ ಕುಳಿತ. ಅವಳು ನೆಟ್ಟಗಿನ ಕಾಲನ್ನು ಮೊದಲು ಒಳಗೆ ಚಾಚಿ, ಸೆರಗು ಸೊಂಟಕ್ಕೆ ಸಿಕ್ಕಿಸಿ ಏರಿದಳು. ನಿಂಬೆಹಣ್ಣು ನಾಲ್ಕೂ ಒಂದೇ ಸಲಕ್ಕೆ ಚಪ್ಪಟೆಯಾದವು.

ರಾಯಚೂರು ದಾಟಿದ ಮೇಲೆ ಅವಳು ಆ ಗುಂಡಿ ಒತ್ತಿದಳು. ಗಾಡಿಗೆ ಸಿಟ್ಟು ಬಂತು. ಹೇಗೆ ಹೋಯಿತೆಂದರೆ, ದಾರಿಯ ಪಕ್ಕದ ಬೇವಿನ ಮರಗಳು ಒಂದಕ್ಕೊಂದು ಅಂಟಿಕೊಂಡು ಒಂದೇ ಉದ್ದನೆಯ ಮರವಾಗಿ ಕಂಡವು. ಮುಂದೆ ಪಕ್ಕದ ಸೀಟಿನಲ್ಲಿದ್ದ ನನ್ನ ಎಡಗಾಲು ತುಳಿದೂ ತುಳಿದೂ ಸೋತಿತು. ಒಂದು ಕ್ರಾಸಿನಲ್ಲಿ ಚಹಾ ಅಂಗಡಿಯ ಹೊಗೆ ಕಂಡಾಗ ಹಿಂದಿನಿಂದ ದನಿ ಬಂತು.

"ಅಕ್ಕಾ, ಐದೇ ನಿಮಿಷ."

"ಲೇ, ದುರುಗೇಶ ಕಾಯಾಕತ್ಯಾನ."

"ಐದೇ ಅಕ್ಕಾ. ತಲಿ ನೋಯಾಕತ್ತದ."

ಭೀಮವ್ವ ಗಾಡಿ ನಿಲ್ಲಿಸಿದಳು. ಬೀರೇಶ ಇಳಿದು ಹೋದ. ಅವಳ ಕಾಲು ಬ್ರೇಕಿನ ಮೇಲೆ, ಕಣ್ಣು ಮುಂದಿನ ಪರದೆಯ ಗಡಿಯಾರದ ಮೇಲೆ. ಒಂದೊಂದೇ ಅಂಕಿ ಬದಲಾಗುವುದನ್ನು ಕುರಿ ಎಣಿಸುವ ಹಾಗೆ ಎಣಿಸಿದಳು. ಐದಾಯಿತು. ಜೀವಮಾನದಲ್ಲಿ ಮೊದಲ ಸಲ ಹಾರ್ನ್ ಹೊಡೆದಳು. ಅಂಗಡಿಯ ಬೆಂಚಿನಿಂದ ಬೀರೇಶ ಗ್ಲಾಸು ಎತ್ತಿ ತೋರಿಸಿದ: ಬಂದೆ, ಬಂದೆ. ಇನ್ನೊಂದು ಕೈಯಲ್ಲಿ ಎರಡನೆಯ ಗ್ಲಾಸಿಗೆ ಸನ್ನೆ ಮಾಡಿದ.

ಅವಳು ಬ್ರೇಕಿನಿಂದ ಕಾಲು ತೆಗೆದಳು. ಅಷ್ಟೇ ಮಾಡಿದ್ದು. ಗಾಡಿ ತಾನೇ ಹೊರಟಿತು.

"ಭೀಮವ್ವ, ತಮ್ಮ..." ಎಂದೆ ನಾನು.

"ಬಸ್ಸು ಅದಾವ ಕಾಕಾ. ಎಲ್ಲಾ ಗೇರಿನವ. ಅವಗ ಸೇರ್ತಾವ."

ಹೊಲ ಮುಟ್ಟಿದಾಗ ಮಾನ್ವಿಯ ವ್ಯಾಪಾರಿಯ ಮೋಟಾರ್ ಸೈಕಲ್ಲಿನ ಧೂಳು ಆಚೆ ಬದುವಿನ ಮೇಲೆ ಕಾಣುತ್ತಿತ್ತು. ಭೀಮವ್ವ ಇಳಿದು ದುರುಗೇಶನ ಕೈ ಹಿಡಿದು ಕಂಬಳಿ ಹೊದಿಸಿದಳು. ಮಾನ್ವಿಯವನು ಬಂದ, ನೋಡಿದ, ಬಾಯಿ ತೆರೆದ, ಮುಚ್ಚಿದ. ಹೋದ ವರ್ಷ ಅವಳು ನಿಂತ ಹಾಗೆಯೇ ನಿಂತ. ಭೀಮವ್ವ ವ್ಯಾಪಾರವನ್ನು ಅವಸರದಿಂದ ಮುಗಿಸಲಿಲ್ಲ. ಪ್ರತಿ ಮರಿಯ ಹಲ್ಲನ್ನೂ ಆರಾಮಾಗಿ ನೋಡಿದಳು, ಒಂದೆರಡರದು ಎರಡೆರಡು ಸಲ.

ಬೀರೇಶ ಹೊತ್ತು ಮುಳುಗುವಾಗ ಬಸ್ಸಿನಿಂದ ಇಳಿದು ಬಂದ, ಕಪ್ಪು ಕನ್ನಡಕ ಹಾಕಿಕೊಂಡೇ. ಆಮೇಲೆ ಎಷ್ಟೋ ದಿನ ಅಕ್ಕನೊಡನೆ ಮಾತು ಬಿಟ್ಟಿದ್ದ. ಊರಲ್ಲಿ ಕೆಲವರು ಅವಳದೇ ತಪ್ಪೆಂದರು, ಹೆಣ್ಣಿಗೆ ಇಷ್ಟು ಸೊಕ್ಕು ಬೇಡವೆಂದರು. ಒಮ್ಮೆ ಮನೆಗೆ ಬಂದ ಪರಮಣ್ಣನನ್ನು ಹಿಡಿದು ನ್ಯಾಯ ಕೇಳಿದರು. ಆತ ಯೋಚಿಸಿ ವರ್ಷದ ಮಾತನ್ನೆಲ್ಲ ಒಟ್ಟಿಗೆ ಖರ್ಚು ಮಾಡಿದ: "ಕಾಲು ಅಕಿದು, ಗಾಡಿ ಅಕಿದು. ನಂದೇನದ ನಡುವ?" ಎಂದು ಹೇಳಿ ಹಿಂಡಿನ ಕಡೆ ನಡೆದ.

ಎಲ್ಲ ಸುಗಮವಾಯಿತು ಎಂದು ಮಾತ್ರ ನಾನು ಹೇಳಲಾರೆ. ಸುಳ್ಳು ಹೇಳುವುದಕ್ಕೂ ಒಂದು ಮಿತಿ ಇದೆ. ಈ ಸಲದ ಮಳೆಯಲ್ಲಿ ಮಸರಕಲ್ಲಿನ ಕೆಳಗಿನ ಎರೆ ಹೊಲದ ದಾರಿಯ ಮೇಲೆ ಆ ಕೆಂಪು ಗಾಡಿ ಸಿಗಿಬಿತ್ತು. ನಮ್ಮ ಎರೆ ಮಣ್ಣು ಮಳೆಯಲ್ಲಿ ಹಿಡಿದರೆ ಬಿಡುವುದಿಲ್ಲ, ಒಬ್ಬ ಸಂಬಂಧಿಕನ ಚಪ್ಪಲಿಯನ್ನು ಅದು ಇನ್ನೂ ಇಟ್ಟುಕೊಂಡಿದೆ. ಗಾಲಿ ತಿರುಗಿದಷ್ಟೂ ಗಾಡಿ ಒಳಗಿಳಿಯಿತು. ಬದುವಿನ ಮೇಲೆ ಜನ ಸೇರಿದರು. ಹುಲಿಗೇಶ ಅಂಗಡಿ ಮುಚ್ಚಿಕೊಂಡೇ ಬಂದಿದ್ದ.

"ಗೇರಿಂದು ತೊಗೊ ಅಂದಿದ್ವಿ," ಎಂದನು ಒಬ್ಬ.

"ತಳ್ಳೋಣೇನು?" ಎಂದನು ಹುಲಿಗೇಶ. "ದೇವದುರ್ಗದವರೆಗೂ ರೂಢಿ ಅದ."

ಅಷ್ಟರಲ್ಲಿ ಟ್ರ್ಯಾಕ್ಟರಿನ ಸದ್ದು. ಬೀರೇಶ. ಯಾರೋ ಸುದ್ದಿ ಮುಟ್ಟಿಸಿದ್ದರು. ಅವನು ಇಳಿದು ಕೆಸರಿನಲ್ಲಿ ಮೊಣಕಾಲುದ್ದ ಹೂತುಕೊಂಡು ಕಿಟಕಿಯ ಹತ್ತಿರ ಬಂದ. ಎಷ್ಟೋ ದಿನದ ಮೇಲೆ ಆಡಿದ ಮೊದಲ ಮಾತು.

"ಹೇಳಿದ್ದಿಲ್ಲೇನು ಅಕ್ಕಾ? ಸರಿ, ಇಳಿ. ನಾ ಕುಂತು ಹೊರಗ ತೆಗೀತೀನಿ. ಇದಕ್ಕ ಅಂದಾಜು ಬೇಕು."

ಬದುವಿನ ಮೇಲಿನ ಮಂದಿಯೆಲ್ಲ ಕಿವಿ ಚೂಪು ಮಾಡಿದರು. ಇಳಿದರೆ ಮುಗಿಯಿತು, ನಾಳೆಯಿಂದ ಸೀಟು ಅವನದು. ಅದು ಅವನಿಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಭೀಮವ್ವ ಸ್ಟೀರಿಂಗಿನ ಮೇಲೆ ಎರಡೂ ಕೈ ಇಟ್ಟಳು.

"ಲೇ ಬೀರ್ಯಾ. ಗಾಡಿ ನಂದು, ಸಿಗಿಸಿದಾಕಿ ನಾನು. ಯಾರ ಅಪ್ಪಣಿ ತೊಗೊಂಡೂ ಸಿಗಿಬಿದ್ದಿಲ್ಲ. ಇಷ್ಟು ವರ್ಷ ನಿಮ್ಮ ಗಾಡ್ಯಾಗ ನೀವು ಸಿಗಿಸಿದಾಗ ನಾ ಇಳಿದು ಕೆಸರಾಗ ನಿಂತೀನಿ, ಓಡಸಾಕ ನಾ ಬರ್ತೀನಿ ಅಂದಿಲ್ಲ. ಹಗ್ಗ ಕಟ್ಟು, ಎಳಿ. ಸೀಟು ಕೇಳಬ್ಯಾಡ."

ಬೀರೇಶ ಟ್ರ್ಯಾಕ್ಟರಿನಿಂದ ಹಗ್ಗ ತಂದ. ಮಳೆ ಅವನ ಕನ್ನಡಕದ ಮೇಲೆ ಇಳಿಯುತ್ತಿತ್ತು. ಆಮೇಲೆ ಬಗ್ಗಿ ಹಗ್ಗ ಕಟ್ಟಿದ.

ಟ್ರ್ಯಾಕ್ಟರ್ ಗುಡುಗಿತು. ಹಗ್ಗ ಬಿಗಿಯಿತು. ಭೀಮವ್ವ ಸ್ಟೀರಿಂಗನ್ನು ತಾನೇ ತಿರುಗಿಸುತ್ತ, ಬಲಗಾಲನ್ನು ಮೆಲ್ಲಗೆ ಒತ್ತುತ್ತ ಬಂದಳು. ಗಾಡಿ ಹೊರಬಂತು. ಬರುವ ಭರದಲ್ಲಿ ಹಿಂದಿನ ಗಾಲಿಗಳು ಎರೆ ಮಣ್ಣನ್ನು ಎತ್ತಿ ಬದುವಿನ ಮೇಲಿದ್ದ ಸಭೆಗೆ ಸಮನಾಗಿ ಹಂಚಿದವು. ಹುಲಿಗೇಶನ ಹಲ್ಲು ಮಾತ್ರ ಬೆಳ್ಳಗೆ ಉಳಿದವು.

ಹಗ್ಗ ಬಿಚ್ಚುತ್ತ ಬೀರೇಶ ಕೇಳಿದ, "ಮನಿಗೆ ಹೋಗೋಣಲ್ಲ ಅಕ್ಕಾ?"

"ಮನ್ಯಾಗ ಏನದ? ಆಚಿ ಹೊಲದಾಗ ಹಿಂಡು ನಿಂತದ, ನೋಡಾಕ ಹೊಂಟಿದ್ದೆ," ಎಂದಳು ಭೀಮವ್ವ. "ನೀ ಚಹಾ ಕುಡಿ ಹೋಗು."

ಮತ್ತೆ ಅದೇ ಕೆಸರಿನ ದಾರಿಗೆ ಗಾಡಿ ತಿರುಗಿಸಿದಳು. ಬೀರೇಶ ಚಹಾಕ್ಕೆ ಹೋಗಲಿಲ್ಲ. ಹಗ್ಗ ಸುತ್ತಿ ಹೆಗಲಿಗೆ ಹಾಕಿಕೊಂಡು ಟ್ರ್ಯಾಕ್ಟರ್ ಏರಿ, ಸ್ವಲ್ಪ ದೂರ ಬಿಟ್ಟು, ಅಕ್ಕನ ಹಿಂದೆ ಹೊರಟ.